ಮಂಗಳನ ನೀರಿಗೆ ಸುಣ್ಣದ ಗುರುತು

ಕಮಲಾಪುರದ ಖಂಡೆಪ್ಪ ನೀರು ನೋಡುತ್ತಿದ್ದುದು ಅಂಗಾಲಿನಿಂದ. ಉಳಿದವರು ಬೇವಿನ ಕವಲು ಹಿಡಿದು ಹೊಲ ಸುತ್ತುತ್ತಾರೆ, ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿ ಅದು ಎದ್ದು ನಿಲ್ಲಲಿ ಎಂದು ಕಾಯುತ್ತಾರೆ. ಖಂಡೆಪ್ಪನಿಗೆ ಆ ಸಾಮಾನು ಬೇಕಿರಲಿಲ್ಲ. ನೆಲದೊಳಗೆ ಸೆಲೆ ಇದ್ದರೆ ಅವನ ಅಂಗಾಲು ತಣ್ಣಗಾಗುತ್ತಿತ್ತು. ನೀರು ಮೇಲಿದ್ದರೆ ಹಿಮ್ಮಡಿ, ಆಳಕ್ಕಿದ್ದರೆ ಬೆರಳು. ಹೀಗಾಗಿ ಅವನು ಜೀವಮಾನದಲ್ಲಿ ಒಂದೇ ದಿನ ಚಪ್ಪಲಿ ಮೆಟ್ಟಿದ್ದ, ತನ್ನ ಮದುವೆಯ ದಿನ. ಅವತ್ತು ಹಂದರದ ಕೆಳಗೆ ಸೆಲೆ ಇದ್ದದ್ದು ಗೊತ್ತಾಗದೆ ಕಂಬ ಮೊಳಕಾಲುದ್ದ ಕುಸಿದು ಬೀಗರ ಮೇಲೆ ಬಿತ್ತು. ಬೀಗರು ಇನ್ನೂ ಇದ್ದಾರೆ, ಬೇಕಾದರೆ ಕೇಳಬಹುದು.

ನೀರು ಕಂಡ ಜಾಗದಲ್ಲಿ ಅವನು ತಂಬಾಕಿನ ಡಬ್ಬಿಯಿಂದ ಬೆರಳ ತುದಿಗೆ ಸುಣ್ಣ ತೆಗೆದು ಒಂದು ಕತ್ತರಿ ಗೆರೆ ಎಳೆಯುತ್ತಿದ್ದ. ಗೆರೆ ಬಿದ್ದ ಮೇಲೆ ಆ ನೀರಿಗೂ ಅವನಿಗೂ ಗಂಟು. ಹೊಲದವರು ಅಲ್ಲಿ ಬಾವಿಯನ್ನೋ ಬೋರನ್ನೋ ತೋಡಿಸಿದರೆ ಗಂಟು ತಾನೇ ಬಿಚ್ಚುತ್ತದೆ. ತೋಡಿಸದಿದ್ದರೆ ತಣ್ಣಗಾದ ಕಾಲು ತಣ್ಣಗೇ ಉಳಿಯುತ್ತದೆ. ಆಗ ಖಂಡೆಪ್ಪ ಹೋಗಿ ಆ ಗುರುತಿನ ಮೇಲೆ ಒಂದು ಕೊಡ ನೀರು ಪೂರ್ತಿ ಸುರಿದು, ‘ಕಂಡೀನಿ, ಮುಟ್ಟಿಲ್ಲ, ನಿಂದು ನಿನಗೇ’ ಎಂದು ಬಾಯಿಬಿಟ್ಟು ಹೇಳಿ ಬಿಡಿಸಿಕೊಂಡು ಬರಬೇಕು. ಬಿಟ್ಟ ನೀರು ಆಮೇಲೆ ಯಾರದೂ ಅಲ್ಲ. ಇನ್ನೊಬ್ಬ ಬಂದು ಅದೇ ಜಾಗಕ್ಕೆ ಕೈ ಹಾಕಿದರೆ ಕೇಳುವ ಹಾಗಿಲ್ಲ. ಈ ಕೊನೆಯ ಕಟ್ಟಳೆ ಖಂಡೆಪ್ಪನಿಗೆ ಯಾವತ್ತೂ ಸೇರಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ ಕಲಬುರ್ಗಿಯಿಂದ ಕಸ್ತೂರಿಬಾಯಿ ಎಂಬ ಲೆಕ್ಚರರು ಕಮಲಾಪುರದ ಶಾಲೆಗೆ ಬಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ರಜೆ ಬಂದರೆ ಊರೂರಿಗೆ ಹೋಗಿ ಗ್ರಹ ತಾರೆ ತೋರಿಸುವುದು ಅವರ ಚಟ. ಸ್ಲೈಡ್ ಪ್ರೊಜೆಕ್ಟರನ್ನು ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರು. ಕಂಡಕ್ಟರ್ ಅದಕ್ಕೂ ಅರ್ಧ ಟಿಕೀಟು ಹರಿದಿದ್ದ. ಶಾಲೆಯಲ್ಲಿ ನೋಡಿದರೆ ಚಿತ್ರ ಬಿಡಲು ಗೋಡೆಯೇ ಇಲ್ಲ. ಒಂದರ ಮೇಲೆ ಮಗ್ಗಿ, ಇನ್ನೊಂದರ ಮೇಲೆ ಕರ್ನಾಟಕದ ನಕಾಶೆ, ಮೂರನೆಯದರ ಮೇಲೆ ಮಲೇರಿಯಾ ಸೊಳ್ಳೆ, ನಾಲ್ಕನೆಯದು ಹಿಂದಿನ ಮಳೆಗಾಲದಲ್ಲೇ ಬಿದ್ದಿತ್ತು. ಕೊನೆಗೆ ಹೆಡ್‌ಮಾಸ್ತರ ಮಾಣಿಕಪ್ಪ ತಮ್ಮ ಬಿಳಿ ಧೋತರ ತಂದು ನೆಲಕ್ಕೆ ಹಾಸಿದರು. ಬೆಂಚಿನ ಮೇಲೆ ಬೆಂಚು ಇಟ್ಟು ಪ್ರೊಜೆಕ್ಟರನ್ನು ಕೆಳಮುಖ ಮಾಡಿ ಕಟ್ಟಿದರು. ಬಿದ್ದ ಗೋಡೆಗೆ ತಾಡಪತ್ರಿ, ಕಿಟಕಿಗೆ ಗೋಣಿಚೀಲ. ಊರ ಮಂದಿ ಧೋತರದ ಸುತ್ತ ಊಟದ ಪಂಕ್ತಿಯಂತೆ ಕೂತರು. ಮಂಗಳ ಗ್ರಹ ನಡುವೆ ಬಡಿಸಿದ ಹಾಗೆ ಬಿದ್ದಿತ್ತು.

“ಮಂದಿ ಇಲ್ಲದ ಒಂದು ನೌಕೆ ಮಂಗಳನ ಸುತ್ತ ಮ್ಯಾಲಿಂದ ಮ್ಯಾಲೇ ಸುತ್ತತದ,” ಎಂದರು ಕಸ್ತೂರಿಬಾಯಿ. “ಕೆಳಗ ಇಳಿಯಂಗಿಲ್ಲ, ನೆಲ ಅಗಿಯಂಗಿಲ್ಲ. ಆದ್ರ ಮಣ್ಣಿನ ಕೆಳಗ ನೀರಿನ ಬರ್ಫ್ ಅದ ಅಂತ ಈ ವರ್ಷ ಕಂಡುಹಿಡದದ.”

ಕುಲ್ಫಿ ಮಾರುವ ಚಾಂದಪಾಶಾ ಮುಂದಿನ ಸಾಲಿನಲ್ಲಿದ್ದ. “ಅಗೀಲಾರದ ಹ್ಯಾಂಗ ಕಾಣ್ತದ್ರಿ ಅಕ್ಕೋರೆ?”

“ಕಾಣಂಗಿಲ್ಲಪ್ಪ. ಕೇಳ್ತದ ಅಂತ ತಿಳಕೋ. ನಿಮ್ಮ ಮನ್ಯಾಗ ಜ್ವಾಳದ ಅರಳು ಹುರೀತಾರಲ್ಲ? ಒಣ ಕಾಳು ಚಟಪಟ ಸಿಡೀತಾವ. ಹಸಿ ಕಾಳು ಇದ್ದಲ್ಲಿ ಗಪ್. ಹಂಗೇ ಆಕಾಶದಿಂದ ಒಂದು ಥರದ ಕಿರಣ ಬಡದು ಮಂಗಳನ ಮಣ್ಣಿನಿಂದ ಕಣ್ಣಿಗಿ ಕಾಣಲಾರದ ಕಣ ಸಿಡೀತಾವ. ನ್ಯೂಟ್ರಾನ್ ಅಂತಾರ. ಕೆಳಗ ಬರ್ಫ್ ಇದ್ರ ಅವು ಅದರಾಗೇ ಜೋರು ಕಳಕೊಂತಾವ, ಮ್ಯಾಲ ಬರೂವು ಕಡಿಮಿ. ನೌಕೆ ಎಣಸ್ಕೋತ ಹೋಗತದ. ಎಲ್ಲಿ ಗದ್ದಲ ಕಡಿಮಿ, ಅಲ್ಲಿ ನೀರು.”

ಸ್ಲೈಡು ಬದಲಾಯಿತು. ಧೋತರದ ಮೇಲೆ ಕೆಂಪು, ಹಳದಿ, ಹಸಿರು, ತುದಿಯಲ್ಲಿ ದಟ್ಟ ನೀಲಿ. ಆ ನೀಲಿಯೆಲ್ಲ ಸದ್ದಿಲ್ಲದ ಜಾಗ ಎಂದರು ಕಸ್ತೂರಿಬಾಯಿ. ಒಂದು ಮೊಳ ಮಣ್ಣು ಸರಿಸಿದರೆ ಸಾಕು, ಕೆಳಗೆ ಹಿಮ.

“ಕೇಳ್ದೇನ್ ಕಾಕಾ,” ಎಂದು ಚಾಂದಪಾಶಾ ಖಂಡೆಪ್ಪನ ಕಡೆ ತಿರುಗಿದ. “ನೀ ಹಾಕಿದ ಪಾಯಿಂಟಿನ್ಯಾಗ ಮುನ್ನೂರು ಫೂಟ್ ಹೋದ್ರೂ ಧೂಳ ಹಾರ್ತದ. ಅವ್ರು ನೋಡು, ಆಸ್ಮಾನದಾಗ ಕುಂತು ನೀರ ತಗದ್ರು.”

ಮಂದಿ ನಕ್ಕರು. ಹೆಂಗಸರ ಕಡೆ ಕೂತಿದ್ದ ಮಲ್ಕಮ್ಮ, ಖಂಡೆಪ್ಪನ ಹೆಂಡತಿ, ಕೂಡ ಸೆರಗು ಅಡ್ಡ ಹಿಡಿದು ನಕ್ಕಳು. ಅದೊಂದು ನಗೆಯನ್ನು ಅವಳು ತಡೆದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ.

ಖಂಡೆಪ್ಪ ಎದ್ದ. ಬರಿಗಾಲಿನಲ್ಲಿ ಧೋತರದ ಮೇಲೆ ನಡೆದ. ಕೆಂಪಿನ ಮೇಲೆ ಅಂಗಾಲು ಬೆಚ್ಚಗಿತ್ತು. ಹಳದಿಯ ಮೇಲೆ ಉಗುರು ಬೆಚ್ಚಗೆ. ನೀಲಿಯ ಮೇಲೆ ಕಾಲಿಟ್ಟ. ಹಿಮ್ಮಡಿಯಲ್ಲ, ಬೆರಳಲ್ಲ, ಇಡೀ ಪಾದ ಒಮ್ಮೆಗೇ ಬಾವಿಗೆ ಇಳಿದ ಹಾಗಾಯಿತು. ಇಷ್ಟು ವರ್ಷ ಅವನು ಕಂಡದ್ದು ಹೆಬ್ಬೆರಳು ಗಾತ್ರದ ಸೆಲೆ, ಅಬ್ಬಬ್ಬಾ ಎಂದರೆ ತೋಳಿನ ಗಾತ್ರ. ಇದಕ್ಕೆ ಅಂಚೇ ಇರಲಿಲ್ಲ. ಬಲಕ್ಕೆ ಸರಿದ, ಇತ್ತು. ಎಡಕ್ಕೆ ಸರಿದ, ಇತ್ತು. ಕಸುಬಿನ ಕೈ, ತಲೆಯನ್ನು ಕೇಳದೆ ಡಬ್ಬಿಗೆ ಹೋಯಿತು.

“ಏನ್ರೀ! ಮಾಸ್ತರ ಧೋತರಕ್ಕ ಸುಣ್ಣ ಹಚ್ತೀರಲ್ಲ!” ಎಂದು ಮಲ್ಕಮ್ಮ ಕೂಗುವುದರೊಳಗೆ ಕತ್ತರಿ ಗೆರೆ ಬಿದ್ದಾಗಿತ್ತು.

ಆಗ ಏನೂ ಆಗಲಿಲ್ಲ. ಕಾರ್ಯಕ್ರಮ ಮುಗಿಯಿತು, ಚಹಾ ಆಯಿತು, ಮಾಣಿಕಪ್ಪ ಧೋತರದ ಸುಣ್ಣ ನೋಡಿ ಇನ್ನು ಇದನ್ನು ಉಡುವ ಹಾಗಿಲ್ಲ ಎಂದು ಕಸ್ತೂರಿಬಾಯಿಯವರ ಪ್ರೊಜೆಕ್ಟರಿಗೇ ಹೊದಿಸಿ ಕಳಿಸಿದರು. ಖಂಡೆಪ್ಪ ಮನೆಯ ದಾರಿ ಹಿಡಿದ. ಹನುಮಪ್ಪನ ಕಟ್ಟೆ ದಾಟುವಾಗ ಕೆಳಗಿನಿಂದ ಯಾರೋ ಅವನ ಎರಡೂ ಹಿಮ್ಮಡಿ ಹಿಡಿದ ಹಾಗಾಯಿತು. ಹಿಡಿದವರು ಬಿಡಲಿಲ್ಲ.

ಮರುದಿನದಿಂದ ಅವನ ಪಾದ ಹಿಮದ ಗಡ್ಡೆ. ಹೊರಗೆ ಬಿಸಿಲು ಗುಬ್ಬಿಗಳನ್ನು ಮರದಿಂದ ಉದುರಿಸುತ್ತಿತ್ತು. ಒಳಗೆ ಖಂಡೆಪ್ಪನ ಉಗುರಿನ ಸುತ್ತ ಬಿಳಿಯ ಅರಳು ಕಟ್ಟಿತ್ತು. ಊರಿಗೆ ಸುದ್ದಿಯಾಯಿತು. ಮೊದಲು ನೋಡಲು ಬಂದರು, ಆಮೇಲೆ ತಂಬಿಗೆ ತಂದರು. ಮಜ್ಜಿಗೆ ಗಡಿಗೆ, ಹಾಲಿನ ಕ್ಯಾನು, ಬೆಣ್ಣೆ, ಕಲ್ಲಂಗಡಿ, ಎಲ್ಲ ಅವನ ಮಂಚದ ಬುಡದಲ್ಲಿ ಸಾಲು ಹಚ್ಚಿದವು. ಚಾಂದಪಾಶಾ ಕುಲ್ಫಿಯ ಡಬ್ಬ ತಂದು ಎರಡು ಪಾದಗಳ ನಡುವೆ ಇಟ್ಟು, “ಕಾಕಾ, ಖುದಾ ಕಸಮ್, ಜರಾ ಕಾಲ ಕೂಡಿಸಿ ಕುಂದ್ರು,” ಎಂದು ಗಲ್ಲ ಹಿಡಿದು ಬೇಡಿಕೊಂಡ. ಆ ವಾರ ಕಮಲಾಪುರದಲ್ಲಿ ಹಾಲು ಕೆಟ್ಟ ಮನೆ ಇರಲಿಲ್ಲ.

ಸದ್ದಿನ ವಿಷಯ ಮೊದಲು ಗಮನಿಸಿದ್ದು ಮಲ್ಕಮ್ಮ. ಮಂಚದ ಹತ್ತಿರ ನಡೆದರೆ ಅವಳ ಕಾಲುಂಗುರ ನೆಲಕ್ಕೆ ಬಡಿದರೂ ಕೇಳುತ್ತಿರಲಿಲ್ಲ. ತಂಬಿಗೆ ಕೈಜಾರಿ ಬಿತ್ತು, ಅರಿವೆಯ ಹಾಗೆ ಬಿತ್ತು. ಕೋಳಿ ಒಳಗೆ ಬಂದು ಕೊಕ್ಕು ತೆರೆದು ಮುಚ್ಚಿತು, ಅಷ್ಟೇ. ಅಂಗಳದಷ್ಟು ಜಾಗದಲ್ಲಿ, ಖಂಡೆಪ್ಪನ ಕಾಲಿನ ಥಂಡಿ ಎಷ್ಟು ಎತ್ತರಕ್ಕೆ ಏರಿತ್ತೋ ಅಷ್ಟು ಎತ್ತರದವರೆಗೆ ಸದ್ದು ಸತ್ತಿತ್ತು. ಅದರ ಮೇಲೆ ಎಲ್ಲ ಸರಿಯಾಗಿತ್ತು. ನಿಂತು ಮಾತಾಡಿದರೆ ಕೇಳುತ್ತಿತ್ತು, ಬಗ್ಗಿದರೆ ಮಾತು ನಡುವೆ ಕತ್ತರಿಸಿ ಹೋಗುತ್ತಿತ್ತು. ಮನೆಯೊಳಗೆ ಕಾಣದ ನೀರು ನಿಂತ ಹಾಗೆ.

ಥಂಡಿ ಏರುತ್ತಿತ್ತು. ಮೀನಖಂಡ ಮುಗಿಸಿ ಮೊಳಕಾಲಿಗೆ ಬಂತು. ಮಂಚದ ಕೆಳಗೆ ಮುಂಜಾನೆಗೊಮ್ಮೆ ಕೆಂಪು ಧೂಳು ಬಿದ್ದಿರುತ್ತಿತ್ತು, ಕುಂಕುಮಕ್ಕಿಂತ ಸಣ್ಣದು. ಗುಡಿಸಿದರೆ ಬೆರಳಿಗೆ ಹತ್ತುತ್ತಿರಲಿಲ್ಲ. ಇರುವೆ ಅದರ ಅಂಚಿನ ತನಕ ಬಂದು ಸಾಲು ತಿರುಗಿಸುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ರೇವಮ್ಮ ಮಜ್ಜಿಗೆ ಒಯ್ಯಲು ಬಂದಳು. ಕಂಕುಳಲ್ಲಿ ಕೂಸು ಚಿಟ್ಟನೆ ಚೀರುತ್ತಿತ್ತು. ಗಡಿಗೆ ಎತ್ತಲು ಅದನ್ನು ನೆಲಕ್ಕೆ ಬಿಟ್ಟಳು. ಕೂಸಿನ ದನಿ ಕಡಿದು ಹೋಯಿತು. ಬಾಯಿ ಅಷ್ಟಗಲ ತೆರೆದಿತ್ತು, ಗಂಟಲಿನ ನರ ಉಬ್ಬಿತ್ತು, ಕಣ್ಣೀರು ಹರಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ರೇವಮ್ಮ ಬಗ್ಗಿ ಎತ್ತಿದಳು. ಎದೆಯ ಮಟ್ಟಕ್ಕೆ ಬಂದ ಕೂಡಲೆ ಚೀರಾಟ ಇದ್ದಲ್ಲಿಂದಲೇ ಮುಂದುವರಿಯಿತು. ಅವಳು ಗಡಿಗೆ ಬಿಟ್ಟು ಓಡಿದಳು. ಸಂಜೆಯೊಳಗೆ ಊರವರು ತಮ್ಮ ತಮ್ಮ ಕ್ಯಾನು, ತಂಬಿಗೆ ಒಯ್ದರು. ಯಾರೂ ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಆಚೆಯಿಂದ ಉದ್ದನೆಯ ಕೋಲಿನಲ್ಲಿ ಎಳೆದುಕೊಂಡರು.

“ಬಿಟ್ಟ ಬರ್ರಿ,” ಎಂದಳು ಮಲ್ಕಮ್ಮ. ಗಂಡ ಕೂತಿದ್ದ, ಅವಳು ನಿಂತಿದ್ದಳು. “ಒಂದು ಕೊಡ ನೀರ ಸುರದು ಬಿಟ್ಟ ಬರ್ರಿ ಅದನ್ನ.”

ಖಂಡೆಪ್ಪ ಎದ್ದು ನಿಂತ. “ಎಲ್ಲಿಗಿ ಹೋಗಿ ಸುರೀಲಿ? ಮಂಗಳಕ್ಕ ಬಸ್ ಅದ ಏನು?”

“ಗುರುತು ಧೋತರದ ಮ್ಯಾಲ ಅದ. ಧೋತರ ಕಲಬುರ್ಗ್ಯಾಗ ಆ ಅಕ್ಕೋರ ಮನ್ಯಾಗ ಅದ. ಅಲ್ಲೇ ಸುರೀರಿ.”

ಉಪಾಯ ಅವನಿಗೂ ಹೊಳೆದಿತ್ತು. ಹೊಳೆದ ದಿನವೇ ಅದನ್ನು ಮುಚ್ಚಿಟ್ಟಿದ್ದ.

“ಮಲ್ಕವ್ವಾ, ನಮ್ಮಪ್ಪ ಸಾಯೂ ತನಕ ಕಂಡಿದ್ದು ಹದಿನಾಲ್ಕು ಬಾವಿ ನೀರು. ನಾ ಕಂಡದ್ದಕ್ಕ ದಂಡಿನೇ ಇಲ್ಲ, ಅಂಚೇ ಇಲ್ಲ.”

“ಕುಡೀಲಾಕ ಬರ್ತದೇನು?”

“ಇಲ್ಲ.”

“ಅರಿಬಿ ಒಗೀಲಾಕ?”

“ಇಲ್ಲ.”

“ಮತ್ತ್ಯಾಕ ಬೇಕದು?”

“ಕಂಡೀನಲ್ಲ,” ಎಂದ ಖಂಡೆಪ್ಪ.

ಅವಳಿಗೆ ಹೇಳಲಾಗದ್ದು ಇನ್ನೂ ಇತ್ತು. ಕಣ್ಣು ಮುಚ್ಚಿದರೆ ಅವನು ಅಲ್ಲೇ ನಿಂತಿರುತ್ತಿದ್ದ. ಕೆಂಪು ಬಯಲು, ಸಣ್ಣ ಸೂರ್ಯ, ಮುಗಿಯದ ಮುಂಜಾನೆಯಂಥ ಬೆಳಕು. ಕಲ್ಲುಗಳು ಬಿದ್ದಲ್ಲೇ ಬಿದ್ದಿದ್ದವು, ಯಾವುದನ್ನೂ ಯಾರೂ ಒದ್ದಿರಲಿಲ್ಲ. ಒಂದು ಮೊಳ ಕೆಳಗೆ ನೀರು ಗಟ್ಟಿಯಾಗಿ ಮಲಗಿತ್ತು. ಅದನ್ನು ಯಾವ ಬಾಯಿಯೂ ಮುಟ್ಟಿರಲಿಲ್ಲ. ಬಾಯಾರಿಕೆ ಎಂದರೇನು ಎಂದೇ ಅದಕ್ಕೆ ಗೊತ್ತಿರಲಿಲ್ಲ. ಮೊದಲ ಸಲ ಒಬ್ಬ ಮೇಲೆ ನಿಂತಿದ್ದ, ಅವನ ಹಿಮ್ಮಡಿ ಹಿಡಿದುಕೊಂಡಿತ್ತು. ಹಗೆಯಿಂದಲ್ಲ. ಹೊಸ ಬೀಗರ ಮನೆಗೆ ಬಂದ ಮಗು ಯಾರದೋ ಪಂಚೆಯ ತುದಿ ಹಿಡಿದು ನಿಲ್ಲುತ್ತದಲ್ಲ, ಹಾಗೆ.

ಥಂಡಿ ಸೊಂಟ ದಾಟಿತು. ಒಲೆ ಹತ್ತಿಸಿದರೆ ಕಟ್ಟಿಗೆ ಸದ್ದಿಲ್ಲದೆ ಉರಿಯಿತು. ಮಲ್ಕಮ್ಮ ಸ್ಟೂಲಿನ ಮೇಲೆ ನಿಂತು ಬೈಯುವುದನ್ನು ರೂಢಿ ಮಾಡಿಕೊಂಡಳು. ಅದು ಎದೆಗೆ ಬಂದ ದಿನ ಅವಳು ಬೈಯಲಿಲ್ಲ. ಸ್ಟೂಲು ಹತ್ತಿ, ಮೆಲ್ಲಗೆ ಹೇಳಿದಳು: “ನಾಳಿಗಿ ಕೊರಳಿಗಿ ಬರ್ತದ. ಬಿಡೂ ಮಾತ ಬಾಯಿಲೇ ಹೇಳಬೇಕ್ರಿ. ಕೊರಳ ಮುಳಗದ ಮ್ಯಾಲ ಹ್ಯಾಂಗ ಹೇಳ್ತೀರಿ? ಆಮ್ಯಾಗ ಬಿಡ್ತೀನಿ ಅಂದ್ರೂ ಬಿಡೂಹಂಗಿಲ್ಲ. ಅದು ತಲಿ ಮ್ಯಾಲ ಹೋಗತದ, ನೀವು ಅದರ ಕೆಳಗ ಹೋಗ್ತೀರಿ.”

ಖಂಡೆಪ್ಪ ಅವಳ ಮುಖ ನೋಡಿದ. ಬೈಯದ ಮಲ್ಕಮ್ಮನನ್ನು ಅವನು ಹಿಂದೆ ನೋಡಿರಲಿಲ್ಲ. ಹೂಂ ಎಂದ.

ಚಾಂದಪಾಶಾನ ಭಾವನದು ಮೂರು ಗಾಲಿಯ ಟಂಟಂ ಇತ್ತು. ಕುಲ್ಫಿಯ ಋಣವೋ ತನ್ನ ಮಾತಿಗೆ ತಾನೇ ಹೆದರಿದನೋ, ಚಾಂದಪಾಶಾ ತಾನೇ ಓಡಿಸುತ್ತೇನೆಂದು ಬಂದ. ಮಲ್ಕಮ್ಮ ಮನೆಯ ಬಾವಿಯಿಂದ ಒಂದು ಕೊಡ ಸೇದಿ, ಬಾಯಿಗೆ ಅರಿವೆ ಕಟ್ಟಿ, ಮಡಿಲಲ್ಲಿ ಇಟ್ಟುಕೊಂಡು ಕೂತಳು. ಎಂಜಿನ್ ಚಾಲೂ ಆದದ್ದು ಹೊಗೆಯಿಂದ ಗೊತ್ತಾಯಿತು. ಕಲಬುರ್ಗಿಯ ದಾರಿ ತುಂಬ ಚಾಂದಪಾಶಾ ಹಾರ್ನ್ ಒತ್ತಿದ, ಒಂದು ಎಮ್ಮೆಯೂ ಕದಲಲಿಲ್ಲ. ಇವರು ಹಾದುಹೋದಲ್ಲೆಲ್ಲ ಚಹಾದಂಗಡಿಗಳಲ್ಲಿ ಕೂತವರ ಮಾತು ನಿಂತು, ಗಾಡಿ ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಕೂತವರು ತಮ್ಮ ತುಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕೋಟೆಯ ಹತ್ತಿರ ಸಂತೆಯಷ್ಟು ಮಂದಿ ಇದ್ದರು, ಗಾಡಿ, ಕುದುರೆ, ಬಳೆ ಮಾರುವವರು; ಎಲ್ಲರ ಕೈಬಾಯಿ ಆಡುತ್ತಿತ್ತು, ಯಾವುದೂ ಕೇಳುತ್ತಿರಲಿಲ್ಲ. ಮೇಲೆ ಬುರುಜಿನಿಂದ ಎದ್ದ ಪಾರಿವಾಳಗಳ ರೆಕ್ಕೆ ಮಾತ್ರ ಪಟಪಟ ಎಂದು ಕಿವಿಯ ಪಕ್ಕದಲ್ಲೇ ಬಡಿದ ಹಾಗೆ ಕೇಳಿತು.

ಕಸ್ತೂರಿಬಾಯಿಯವರ ಮನೆ ಐವಾನ್-ಎ-ಶಾಹಿ ಬಡಾವಣೆಯಲ್ಲಿ, ಒಂದೇ ಅಂತಸ್ತಿನ ಕಲ್ಲು ಮನೆ. ಬಾಗಿಲು ತೆಗೆದು ಅವರು ಏನೋ ಕೇಳಿದರು, ಇವರಿಗೆ ಕೇಳಿಸಲಿಲ್ಲ. ಗಿಡ್ಡಗಿದ್ದರು. ಮಲ್ಕಮ್ಮ ಒಳಗೆ ಹೋಗಿ ಒಂದು ಕುರ್ಚಿ ತಂದು ಅವರನ್ನು ಅದರ ಮೇಲೆ ಹತ್ತಿಸಿ, ತಾನು ಕಟ್ಟೆ ಹತ್ತಿ ಎಲ್ಲ ಹೇಳಿದಳು. ಕಸ್ತೂರಿಬಾಯಿ ಇಳಿದು ಹೋಗಿ ಥರ್ಮಾಮೀಟರು ತಂದರು. ಖಂಡೆಪ್ಪನ ಪಾದಕ್ಕೆ ಹಚ್ಚಿದರು. ಪಾದರಸ ಕೆಳಗಿನ ಗುಂಡಿಗೆ ಇಳಿದು, ಇನ್ನೂ ಇಳಿಯಲು ಜಾಗ ಹುಡುಕಿತು. ಅವರು ಕುರ್ಚಿ ಹತ್ತಿದರು.

“ನನಗ ಇಂಥದರಾಗ ನಂಬಿಕಿ ಇಲ್ಲ ಖಂಡೆಪ್ಪನೋರೆ. ಆದ್ರ ನಿಮ್ಮ ಕಾಲು ಬರ್ಫ್ ಆಗ್ಯಾವ. ಅದಕ್ಕ ನನ್ನ ನಂಬಿಕಿ ಏನ್ ಬೇಕಾಗಿಲ್ಲ. ಬರ್ರಿ ಒಳಗ.”

ಚಾಂದಪಾಶಾ ಹೊರಗೇ ಉಳಿದ. ಒಳಗೆ ಪರದೆ ಎಳೆದು, ಧೋತರ ಹಾಸಿ, ಪ್ರೊಜೆಕ್ಟರನ್ನು ಅಲಮಾರಿನ ಮೇಲಿಂದ ಬಗ್ಗಿಸಿದರು. ನೀಲಿ ಬಿದ್ದಿತು. ಕಸ್ತೂರಿಬಾಯಿ ಧೋತರವನ್ನು ಅತ್ತಿತ್ತ ಎಳೆದು ಕತ್ತರಿ ಗೆರೆಯನ್ನು ಅವತ್ತಿನ ಜಾಗಕ್ಕೇ ಸರಿಯಾಗಿ ಕೂರಿಸಿದರು. ಆಮೇಲೆ ಇಬ್ಬರು ಹೆಂಗಸರೂ ಮೇಜಿನ ಮೇಲೆ ಹತ್ತಿ ನಿಂತರು.

“ಒಂದು ಮಾತು,” ಎಂದರು ಕಸ್ತೂರಿಬಾಯಿ. “ಇಲ್ಲಿಂದ ಮಂಗಳಕ್ಕ ಬೆಳಕು ಮುಟ್ಟಾಕೇ ಈಗ ಇಪ್ಪತ್ತು ಮಿನಿಟ ಬೇಕು. ತಿರುಗಿ ಬರಾಕ ಮತ್ತ ಅಷ್ಟೇ. ಅದಕ್ಕಿಂತ ಮೊದಲ ಯಾವ ಜವಾಬೂ ಬರಂಗಿಲ್ಲ. ಅವಸರ ಮಾಡಬ್ಯಾಡ್ರಿ.”

ಖಂಡೆಪ್ಪ ಕೊಡ ಎತ್ತಿದ. ಥಂಡಿ ಕೊರಳಿನ ಬುಡದಲ್ಲಿತ್ತು. ಬಗ್ಗಿಸಿದ. ನೀರು ಹಗ್ಗದಂತೆ ಇಳಿದು ಧೋತರದ ಮೇಲೆ ಬಿದ್ದಿತು, ಬಿದ್ದ ಕಡೆ ಇರಲಿಲ್ಲ. ಬಟ್ಟೆ ತೋಯಲಿಲ್ಲ, ನೆಲ ತೋಯಲಿಲ್ಲ. ಕೊಡದಿಂದ ಹೋಗುತ್ತಿತ್ತು, ಎಲ್ಲಿಗೂ ಬರುತ್ತಿರಲಿಲ್ಲ. ಮೇಜಿನ ಮೇಲೆ ಕಸ್ತೂರಿಬಾಯಿ ಮಲ್ಕಮ್ಮನ ತೋಳು ಹಿಡಿದರು.

“ಕಂಡೀನಿ,” ಎಂದ ಖಂಡೆಪ್ಪ. “ಮುಟ್ಟಿಲ್ಲ. ನಿಂದು ನಿನಗೇ.” ಕೊಡವನ್ನು ಕೆಳಗಿಟ್ಟ.

ಮಲ್ಕಮ್ಮ ಮೂವತ್ತು ವರ್ಷ ಕೊಡ ಹೊತ್ತವಳು. ಅವನು ಕೆಳಗಿಟ್ಟ ರೀತಿಯಲ್ಲೇ ಅವಳಿಗೆ ತಿಳಿಯಿತು, ಅದು ಖಾಲಿ ಕೊಡವಲ್ಲ. ಮೇಜಿನಿಂದ ಇಳಿದಳು. ಕೊಡದೊಳಗೆ ಇಣುಕಿದಳು. ಒಂದು ಗುಟುಕಿನಷ್ಟು ನೀರು ಉಳಿಸಿದ್ದ. ಅದರ ಮೇಲೆ ಆಗಲೇ ಹಿಮದ ಪೊರೆ ಕಟ್ಟುತ್ತಿತ್ತು.

ಅವಳು ಗಂಡನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿದ. ದಂಡಿಯಿಲ್ಲದ್ದರಲ್ಲಿ ಒಂದು ಗುಟುಕು ಇಟ್ಟುಕೊಂಡರೆ ಯಾರಿಗೆ ಗೊತ್ತಾದೀತು ಎಂದುಕೊಂಡಿದ್ದ. ಥಂಡಿ ಗೊತ್ತುಮಾಡಿಕೊಂಡಿತ್ತು, ಗದ್ದಕ್ಕೆ ಏರಿತ್ತು.

ಮಲ್ಕಮ್ಮನ ತುಟಿ ಅಲ್ಲಾಡಿತು. ಏನು ಹೇಳಿದಳೋ, ಕೆಳಗಿನ ಮೌನದಲ್ಲಿ ಹೋಯಿತು. ಹೇಳಿ, ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಬಾಯಿಗೆ ಹಚ್ಚಿದಳು.

ಆ ನೀರು ಒಳಗೆ ಹೋದರೆ ಥಂಡಿ ಅವಳಿಗೆ ಕಾಲಿನಿಂದ ಏರಬೇಕಾಗಿಲ್ಲ, ಹೊಟ್ಟೆಯಿಂದಲೇ ಶುರುವಾಗುತ್ತದೆ ಎಂದು ಖಂಡೆಪ್ಪನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವನು ಬ್ಯಾಡ ಎಂದು ಕೂಗಿದ. ಕೂಗು ಬಾಯಿಂದ ಹೊರಗೆ ಬೀಳಲಿಲ್ಲ. ಆ ಕ್ಷಣ ಕೆಂಪು ಬಯಲು, ದಂಡಿಯಿಲ್ಲದ ನೀರು, ಅಪ್ಪನ ಹದಿನಾಲ್ಕು ಬಾವಿ, ಯಾವುದೂ ಅವನ ನೆನಪಿನಲ್ಲಿರಲಿಲ್ಲ. ಹಾರಿ ಕೊಡ ಕಿತ್ತುಕೊಂಡ. ಪೊರೆ ಒಡೆದು ಕೊನೆಯ ಹನಿಯ ತನಕ ಗೆರೆಯ ಮೇಲೆ ಸುರಿದು, ಕೊಡವನ್ನು ಬೋರಲು ಹಾಕಿ ತಟ್ಟಿದ.

ಈಗ ಮಾತು ಮತ್ತೆ ಹೇಳಬೇಕು. ಮೌನ ಕೆಳದುಟಿಗೆ ಬಂದಿತ್ತು. ಹೊಳೆಯಲ್ಲಿ ಕುತ್ತಿಗೆಮಟ್ಟ ಇಳಿದವನು ಉಸಿರಿಗೆ ಮುಖ ಎತ್ತುವ ಹಾಗೆ ಖಂಡೆಪ್ಪ ತುದಿಗಾಲಿನಲ್ಲಿ ನಿಂತು, ತಲೆ ಹಿಂದಕ್ಕೆ ಚೆಲ್ಲಿ, ತೊಲೆಯ ಕಡೆಗೆ ಬಾಯಿ ಮಾಡಿ ಒದರಿದ.

“ಕಂಡೀನಿ! ಮುಟ್ಟಿಲ್ಲ! ನಿಂದು ನಿನಗೇ!”

ಕೊನೆಯ ಅಕ್ಷರದ ಅರ್ಧ ಕೇಳಿತು. ಆಮೇಲೆ ಮೌನ ಅವನ ತಲೆಯ ಮೇಲೆ ಮುಚ್ಚಿಕೊಂಡಿತು.

ಅವನು ಧೋತರದ ಮೇಲೆ ಕುಸಿದು ಕೂತ. ಕಣ್ಣು ತೆರೆದಿತ್ತು, ರೆಪ್ಪೆಯ ಮೇಲೆ ಬಿಳಿ ಕಟ್ಟುತ್ತಿತ್ತು. ಮಲ್ಕಮ್ಮ ಅವನನ್ನು ಅಲ್ಲಾಡಿಸಿದಳು, ಕೆನ್ನೆ ಉಜ್ಜಿದಳು, ಕೈ ಸುಟ್ಟ ಹಾಗೆ ಹಿಂದೆಗೆದಳು. ಕಸ್ತೂರಿಬಾಯಿ ಅವಳನ್ನು ಎಳೆದು ಮತ್ತೆ ಮೇಜಿಗೆ ಹತ್ತಿಸಿಕೊಂಡರು. ಗೋಡೆಯ ಗಡಿಯಾರ ಎತ್ತರದಲ್ಲಿತ್ತು, ಟಿಕ್ ಟಿಕ್ ಎನ್ನುತ್ತಿತ್ತು. ಇಬ್ಬರೂ ಕತ್ತು ಬಗ್ಗಿಸಿ, ತೊಲೆಗೆ ತಲೆ ತಾಗಿಸಿಕೊಂಡು ನಿಂತರು.

“ಸುಮ್ಮನ ನಿಂತ್ರ ನಾ ಚೀರತೀನ್ರಿ,” ಎಂದಳು ಮಲ್ಕಮ್ಮ. “ಏನರ ಮಾತಾಡ್ರಿ ಅಕ್ಕೋರೆ. ನಿಮಗ ಮದವಿ ಆಗ್ಯಾದೇನು?”

“ಇಲ್ಲ.”

“ಚೊಲೋ ಮಾಡೀರಿ.” ಕೆಳಗೆ ನೋಡಿದಳು. “ಮಕ್ಕೊಂಡ್ರ ಗೊರಕಿ ಹೊಡೀತಾರ, ಎದ್ರ ನೀರ ಹುಡಕತಾರ. ಈಗ ನೋಡ್ರಿ, ಗೊರಕಿನೂ ಇಲ್ಲ.” ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

ಕಸ್ತೂರಿಬಾಯಿ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಈಗ ಮುಟ್ಟಿರಬೇಕು, ಎಂದರು ಒಮ್ಮೆ. ಬಹಳ ಹೊತ್ತಾದ ಮೇಲೆ, ಈಗ ಬರಬೇಕು, ಎಂದರು.

ಮೊದಲು ತೊಲೆಯ ಹತ್ತಿರದ ನೊಣ ಕೆಳಗೆ ಇಳಿಯಿತು, ಅದರ ಗುಂಯ್ ಸದ್ದೂ ಅದರ ಜೊತೆ ಇಳಿಯಿತು. ಆಮೇಲೆ ಅಲಮಾರಿನ ಮೇಲಿನ ಪ್ರೊಜೆಕ್ಟರಿನ ಫ್ಯಾನು ಕೇಳಿತು. ಕಿಟಕಿಯ ಪರದೆ, ಬಾಗಿಲಿನ ಚಿಲಕ, ಕೊನೆಗೆ ನೆಲದ ಮೇಲೆ ಹಲ್ಲು ಕಟಕಟಿಸುವ ಸದ್ದು. ಖಂಡೆಪ್ಪನ ಹಲ್ಲು. ಅವನ ರೆಪ್ಪೆಯ ಬಿಳಿ ಕರಗಿ ಗಲ್ಲಕ್ಕೆ ಹರಿಯಿತು. ಬೆವರು ಬಂತು. ಮಲ್ಕಮ್ಮ ಮೇಜಿನಿಂದ ಹಾರಿದಳು, ಕಾಲುಂಗುರ ನೆಲಕ್ಕೆ ಬಡಿದು ಠಣ್ ಎಂದಿತು. ಅವನ ಪಾದ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮನುಷ್ಯರ ಪಾದದಂತೆ ಬೆಚ್ಚಗೆ, ಹೊಲಸಾಗಿ ಇದ್ದವು.

“ಇನ್ನ ಚಪ್ಪಲ ತರ್ತೀನಿ ನಿಮಗ. ಇವತ್ತೇ. ಸುಪರ್ ಮಾರ್ಕೆಟಿನ್ಯಾಗ,” ಎಂದು ಅಳುತ್ತ ಬೈಯತೊಡಗಿದಳು.

ಖಂಡೆಪ್ಪ ಕೈ ಎತ್ತಿ ತಡೆದ. “ಗಪ್.”

ಧೋತರದ ಕೆಳಗಿನಿಂದ ಸದ್ದು ಬರುತ್ತಿತ್ತು.

ಧಪ್. ಬಿಡುವು. ಧಪ್.

ಕಸ್ತೂರಿಬಾಯಿ ಪ್ರೊಜೆಕ್ಟರ್ ಆರಿಸಿದರು. ಸದ್ದು ಬರುತ್ತಲೇ ಇತ್ತು. ಹೊರಗೆ ಹೋಗಿ ಮನೆಯ ಸುತ್ತ ನೋಡಿ ಬಂದರು. ಬಿಸಿಲಿಗೆ ಓಣಿ ಮಲಗಿತ್ತು. ಚಾಂದಪಾಶಾ ಟಂಟಂನ ನೆರಳಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಯಾರೂ ಏನನ್ನೂ ಕುಟ್ಟುತ್ತಿರಲಿಲ್ಲ.

ಖಂಡೆಪ್ಪ ಧೋತರಕ್ಕೆ ಕಿವಿ ಹಚ್ಚಿ ಮಲಗಿದ. ಗುದ್ದಲಿಯ ಸದ್ದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಯಾರೋ ಅಗೀಲಾಕತ್ತಾರ,” ಎಂದ.

“ಅಲ್ಲಿ ಯಾರೂ ಇಲ್ಲ ಖಂಡೆಪ್ಪನೋರೆ,” ಎಂದರು ಕಸ್ತೂರಿಬಾಯಿ. ಅವರ ದನಿ ಅವರಿಗೇ ಹೊಸದಾಗಿ ಕೇಳಿತು. “ಮನಷ್ಯಾರು ಇಲ್ಲ. ಯಾರೂ ಹೋಗೇ ಇಲ್ಲ.”

“ನಾ ಬಿಟ್ಟೀನಲ್ರಿ. ಬಿಟ್ಟದ್ದು ಯಾರಾದ್ರೂ ಅಗೀಬಹುದು.” ಅವನು ಇನ್ನಷ್ಟು ಹೊತ್ತು ಕೇಳಿಸಿಕೊಂಡ. ಹುಬ್ಬು ಗಂಟಾಯಿತು. ಮನಸ್ಸು ತಡೆಯಲಿಲ್ಲ, ಬಾಯನ್ನು ಧೋತರಕ್ಕೆ ಹತ್ತಿರ ತಂದು, ಪಕ್ಕದ ಹೊಲದವನಿಗೆ ಹೇಳುವ ಹಾಗೆ ಹೇಳಿದ:

“ತಮ್ಮಾ, ಅಲ್ಲಿ ಬಂಡೆಗಲ್ಲು ಅದ. ಒಂದ ಮಾರು ಎಡಕ್ಕ ಸರಿ.”

ಮಲ್ಕಮ್ಮ ಅವನನ್ನು ರಟ್ಟೆ ಹಿಡಿದು ಎಬ್ಬಿಸಿದಳು. ಚಹಾ ಆಯಿತು. ಧಪ್, ಧಪ್ ಎನ್ನುವುದು ಇದ್ದಲ್ಲೇ ನಡೆದಿತ್ತು. ಖಂಡೆಪ್ಪ ಖಾಲಿ ಕೊಡ ಎತ್ತಿಕೊಂಡು ಬಾಗಿಲಿಗೆ ಬಂದಾಗ ಅದು ನಿಂತಿತು.

ಮೂವರೂ ನಿಂತರು. ಕಸ್ತೂರಿಬಾಯಿ ಗಡಿಯಾರ ನೋಡಿದರು, ಬೆರಳು ಮಡಿಸಿ ಲೆಕ್ಕ ಹಾಕಿದರು: ಖಂಡೆಪ್ಪ ಎಡಕ್ಕೆ ಸರಿ ಎಂದು ಹೇಳಿ ಸರಿಯಾಗಿ ನಲವತ್ತು ಮಿನಿಟು.

ಧಪ್ ಎಂದಿತು. ಧೋತರದ ಕೆಳಗಲ್ಲ. ಒಂದು ಮಾರು ಎಡಕ್ಕೆ, ಅವರು ನಿಂತಿದ್ದ ಹಾಸುಗಲ್ಲಿನ ಅಡಿಯಲ್ಲಿ.